ಧರ್ಮಪುರಕ್ಕೆ ಮನೆ ನೋಡಲು ಹೋದದ್ದು

ನನ್ನ ತಮ್ಮ ಪಂಚಾಕ್ಷರಪ್ಪ ಹುಟ್ಟಿದ್ದು ಹೊಳಲ್ಕೆರೆಯ ಸ್ವಂತ ಮನೆಯಲ್ಲಿ, ನೌಕರಿ ಮಾಡಿದ್ದು ಚಿತ್ರದುರ್ಗದ ಒಂದು ಉಚಿತ ಹಾಸ್ಟೆಲ್ಲಿನ ವಾರ್ಡನ್ ಕ್ವಾರ್ಟರ್ಸಿನಲ್ಲಿ, ನಿವೃತ್ತನಾಗಿ ಮರಳಿದ್ದು ಮತ್ತೆ ಅದೇ ಸ್ವಂತ ಮನೆಗೆ. ಬಾಡಿಗೆಯನ್ನು ಅವನು ಒಂದು ತಿಂಗಳೂ ಕಟ್ಟಿದವನಲ್ಲ. ಆದರೂ ಐರ್ಲೆಂಡಿನ ಒಂದು ಬಾಡಿಗೆ ಮನೆಯಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ಹೇಗೆ ಖರ್ಚು ಹಂಚಿಕೊಂಡು ಬದುಕಬೇಕು ಎಂಬುದರ ಮೇಲೆ ಹೋದ ಡಿಸೆಂಬರಿನ ಒಂದು ಭಾನುವಾರ ಎರಡು ಗಂಟೆ ಮಾತಾಡಿದ. ನಡುವೆ ನೀರು ಕುಡಿಯಲೂ ನಿಲ್ಲಿಸಲಿಲ್ಲ.

ಆ ನಾಲ್ವರಲ್ಲಿ ಒಬ್ಬಳಾಗಬೇಕಿದ್ದವಳು ತೇಜಸ್ವಿನಿ, ತೀರಿಕೊಂಡ ನಮ್ಮ ಕಿರಿಯ ತಮ್ಮ ಮುರುಗೇಶನ ಒಬ್ಬಳೇ ಮಗಳು. ನರ್ಸಿಂಗ್ ಓದಿ, ದುರ್ಗದ ಆಸ್ಪತ್ರೆಯೊಂದರಲ್ಲಿ ಐದು ವರ್ಷ ದುಡಿದು, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದು, ಐರ್ಲೆಂಡಿನ ಸಣ್ಣ ಊರೊಂದರ ಆಸ್ಪತ್ರೆಗೆ ಸೇರಿ ಮೂರು ವಾರವಾಗಿತ್ತು. ಮೊದಲ ತಿಂಗಳು ಆಸ್ಪತ್ರೆಯವರೇ ಇರಲು ಕೋಣೆ ಕೊಟ್ಟಿದ್ದರು. ಆಮೇಲೆ ಬಿಟ್ಟುಕೊಡಬೇಕು. ಆ ಊರಿನಲ್ಲಿ ಕೆಲಸ ಬೇಕಾದಷ್ಟಿದೆಯಂತೆ, ಇರಲು ಮನೆಯೇ ಇಲ್ಲವಂತೆ. ಪುಣ್ಯಕ್ಕೆ ಅವಳ ನರ್ಸಿಂಗ್ ಕಾಲೇಜಿನ ಸೀನಿಯರ್ ಒಬ್ಬಳು, ಹಿರಿಯೂರು ತಾಲ್ಲೂಕು ಧರ್ಮಪುರದ ಪ್ರೀತಿ, ಅದೇ ಊರಿನಲ್ಲಿ ನಾಲ್ಕು ಕೋಣೆಯ ಮನೆಯೊಂದನ್ನು ಇನ್ನಿಬ್ಬರ ಜೊತೆ ಹಿಡಿದಿದ್ದಳು. ನಾಲ್ಕನೆಯ ಕೋಣೆ ಆಗ ತಾನೇ ಖಾಲಿಯಾಗಿತ್ತು. ಬಾಡಿಗೆ ತಿಂಗಳಿಗೆ ಆರುನೂರ ಐವತ್ತು ಯೂರೋ, ಮುಂಗಡವೂ ಅಷ್ಟೇ. ಎರಡನ್ನೂ ಶುಕ್ರವಾರ ಸಂಜೆಯೊಳಗೆ ಕಟ್ಟಬೇಕು.

ಸಂಬಳ ಇನ್ನೂ ಕೈಗೆ ಬಂದಿರಲಿಲ್ಲ. ಅವಳು ಉಳಿಸಿದ್ದ ದುಡ್ಡು ಹೊಳಲ್ಕೆರೆಯ ಸೊಸೈಟಿಯೊಂದರಲ್ಲಿ ಠೇವಣಿಯಾಗಿ ಕುಳಿತಿತ್ತು, ತಾಯಿ ಭಾಗ್ಯ ಮತ್ತು ದೊಡ್ಡಪ್ಪ ಪಂಚಾಕ್ಷರಪ್ಪ ಇಬ್ಬರ ಹೆಸರಿನಲ್ಲಿ. ಮುರುಗೇಶ ತೀರಿಕೊಂಡ ವರ್ಷ, ‘ಎಲ್ಲಕ್ಕೂ ಒಂದು ಗಂಡಸಿನ ಸೈನ್ ಇರಲಿ’ ಎಂದು ಭಾಗ್ಯನ ಖಾತೆಗೆ ಇವನೇ ಹೋಗಿ ಸೇರಿಕೊಂಡಿದ್ದ. ಆ ಠೇವಣಿಗೆ ಅವನು ಹಾಕಿದ್ದು ಆ ಸೈನ್ ಒಂದನ್ನೇ.

ಭಾನುವಾರ ಭಾಗ್ಯ ಸೊಸೈಟಿಯ ಫಾರಂ ಹಿಡಿದು ಬಂದಾಗ ಅವನ ಅಕ್ಕನಾದ ನಾನು ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಾ ಕುಳಿತಿದ್ದೆ. ಬಂದವಳು ಮೊದಲು ನನ್ನ ಪಕ್ಕ ಕುಳಿತು ಒಂದು ಹಿಡಿ ಅವರೆ ಬಿಡಿಸಿದಳು. ಆಮೇಲೆ ಮೆಲ್ಲಗೆ ಫಾರಂ ಚಾಚಿದಳು.

“ಭಾವ, ಇಲ್ಲೊಂದು ಸೈನ್ ಹಾಕ್ಬೇಕಿತ್ತು.”

ಪಂಚಾಕ್ಷರಪ್ಪ ಪೆನ್ನಿನ ಮುಚ್ಚಳ ತೆಗೆದ. ಫಾರಂ ನೋಡಿದ. ಮುಚ್ಚಳ ಹಾಕಿದ.

“ಒಂದ್ಲಕ್ಷ ಮೂವತ್ತೈದು ಸಾವ್ರ! ಏನಮ್ಮ ಇದು? ಇಷ್ಟು ದುಡ್ಡಿನಾಗೆ ಇನ್ನೂರ ನಲವತ್ತು ಹುಡುಗ್ರಿಗೆ ಹದಿನೈದು ದಿನ ಊಟ ಹಾಕ್ತಿದ್ದೆ ನಾನು.”

“ಅದಕ್ಕೇ ಆ ಹುಡುಗ್ರು ಹಂಗಿದ್ದಿದ್ದು,” ಎಂದೆ ನಾನು.

ಅವನ ಹಾಸ್ಟೆಲ್ಲಿನ ಸಾರು ದುರ್ಗದಲ್ಲೆಲ್ಲ ಹೆಸರಾಗಿತ್ತು. ತಟ್ಟೆಯ ತಳದಲ್ಲಿ ಕೆತ್ತಿಸಿದ್ದ ದಾನಿಗಳ ಹೆಸರನ್ನು ಸಾರು ಬಡಿಸಿದ ಮೇಲೂ ಓದಬಹುದಾಗಿತ್ತು.

ನನ್ನ ಮಾತನ್ನು ಅವನು ಕೇಳಿಸಿಕೊಳ್ಳಲಿಲ್ಲ. ಉದ್ದದ ಹಾಳೆಯೊಂದನ್ನು ತರಿಸಿ, ಸ್ಕೇಲು ಇಟ್ಟು ಗೆರೆ ಎಳೆದು, ‘ಮಾಹೆಯಾನ ಆಯವ್ಯಯ’ ಎಂದು ತಲೆಬರಹ ಬರೆದ. ಅಕ್ಕಿ, ತಲೆಗೆ ದಿನಕ್ಕೆ ಇನ್ನೂರೈವತ್ತು ಗ್ರಾಂ. ರಾಗಿ ಹಿಟ್ಟು, ಇನ್ನೂರು. ಬೇಳೆ, ಮೂವತ್ತು.

“ಅಲ್ಲಿ ರಾಗಿ ಸಿಗುತ್ತೋ ಇಲ್ವೋ ಭಾವ,” ಎಂದಳು ಭಾಗ್ಯ.

“ಬಜೆಟ್‌ನಾಗೆ ಇದ್ರೆ ಎಲ್ಲಾ ಸಿಗ್ತೈತೆ.” ಆಮೇಲೆ ಹಾಲು, ಸೋಪು, ಫಿನಾಯಿಲ್. ಫಿನಾಯಿಲ್‌ಗೆ ಎರಡು ಸಾಲು ಕೊಟ್ಟ. ಕೊನೆಯಲ್ಲಿ ‘ಸಾದಿಲ್ವಾರು, ಐದು ಯೂರೋ’ ಎಂದು ಬರೆದು ಅಡಿಗೆರೆ ಹಾಕಿದ. ಯಾವ ಲೆಕ್ಕಕ್ಕೂ ಸೇರದ ಚಿಲ್ಲರೆ ಖರ್ಚಿಗೆ ಸರ್ಕಾರಿ ಕಡತಗಳಲ್ಲಿ ಆ ಹೆಸರು. ಮೂವತ್ತು ವರ್ಷದ ನೌಕರಿಯಲ್ಲಿ ಅವನು ತುಂಬಾ ಪ್ರೀತಿಸಿದ ಪದ ಅದೊಂದೇ ಇರಬೇಕು. ಬಾಡಿಗೆಯ ಸಾಲನ್ನು ಮಾತ್ರ ಖಾಲಿ ಬಿಟ್ಟಿದ್ದ. ಅದಕ್ಕೆ ಅವನ ಬಳಿ ಹಳೆಯ ಲೆಕ್ಕವಿರಲಿಲ್ಲ.

“ಅಡಿಗೆಮನೆ ಎಷ್ಟು?”

“ಒಂದೇ ಭಾವ. ನಾಲ್ಕೂ ಜನಕ್ಕೆ.”

“ಅವ್ರು ಏನ್ ಮಾಡ್ಕಂಡು ತಿಂತಾರೆ?”

ಭಾಗ್ಯ ಅವರೆಕಾಯಿಯ ಕಡೆ ನೋಡಿದಳು.

“ಈ ಪ್ರೀತಿ ಅನ್ನೋಳು ಯಾವ ಪೈಕಿ?”

“ಕೇಳಿಲ್ಲ ಭಾವ.”

“ಕೇಳಿಲ್ಲ! ಅಕ್ಕ, ಕೇಳಿದ್ಯಾ? ಇವಳು ಕೇಳಿಲ್ವಂತೆ! ಕೋಳಿ ಬೇಯಿಸಿದ ಒಲೆ ಮ್ಯಾಲೆ ನಮ್ಮ ಹುಡುಗಿ ಹಾಲು ಕಾಸ್ಬೇಕಾ?”

ಹಾಳೆಗೆ ಇನ್ನಷ್ಟು ಸಾಲುಗಳು ಬಿದ್ದವು. ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಫ್ರಿಜ್ಜು, ಅಡಿಗೆಮನೆಯ ನಡುವೆ ಒಂದು ಅಡ್ಡಗೋಡೆ.

“ಬಾಡಿಗೆ ಮನೇಲಿ ಗೋಡೆ ಕಟ್ಟಾಕೆ ಬಿಡ್ತಾರೇನೋ?” ಎಂದೆ.

“ಪ್ಲೈವುಡ್ಡು ಅಕ್ಕ. ಬಿಚ್ಕಂಡು ಬರಬೋದು.”

ಒಟ್ಟು ಸಾವಿರದ ನೂರು ಯೂರೋ ಹೆಚ್ಚಿಗೆ ಬಂತು. ಇದು ಇಡೀ ಮನೆತನದ ಮರ್ಯಾದೆಯ ಪ್ರಶ್ನೆ, ಎಲ್ಲರೂ ವಂತಿಗೆ ಹಾಕಬೇಕು ಎಂದು ಅವನೇ ಭೀಮಸಮುದ್ರಕ್ಕೆ, ಅಡಿಕೆ ಮಂಡಿ ಇಟ್ಟಿರುವ ಹೆಂಡತಿಯ ತಮ್ಮ ಕಲ್ಲೇಶನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ.

“ಭಾವ, ಧರ್ಮ ಬಿಡಬಾರ್ದು,” ಎಂದ ಕಲ್ಲೇಶ. “ಎಷ್ಟನಾ ಆಗ್ಲಿ, ಗೋಡೆ ಹಾಕಿಸ್ರಿ.”

“ಅದೇ ನಾನು ಹೇಳಿದ್ದು. ಹಂಗಾರೆ ನಿನ್ನ ಪಾಲು ಒಂದು ಇಪ್ಪತ್ತೈದು...”

“ಹಲೋ? ಭಾವ? ಹಲೋ? ಮಂಡೀಲಿ ಅದೀನಿ ಭಾವ, ಕೇಳಿಸ್ತಿಲ್ಲ...”

ಹೊಸದುರ್ಗದಲ್ಲಿರುವ ನಮ್ಮ ದೊಡ್ಡಮ್ಮನ ಮಗ ಶಿವಕುಮಾರಪ್ಪನಿಗೂ ಗೋಡೆ ಬಹಳ ಹಿಡಿಸಿತು. ಪ್ಲೈವುಡ್ಡು ಬೇಡ, ಇಟ್ಟಿಗೆಯದೇ ಆಗಲಿ ಎಂದ. ಪಾಲಿನ ಮಾತು ಬಂದಾಗ ಅವನ ಊರಿನಲ್ಲೂ ಸಿಗ್ನಲ್ ಹೋಯಿತು.

ಭಾಗ್ಯ ಫಾರಂ ಹಿಡಿದು ಕುಳಿತೇ ಇದ್ದಳು. ಕೊನೆಗೆ ನನ್ನ ತಮ್ಮ ಒಂದು ತೀರ್ಮಾನಕ್ಕೆ ಬಂದ. ಐರ್ಲೆಂಡಿನ ಮನೆಯನ್ನು ನೋಡಿಬರಲು ಆಗುವುದಿಲ್ಲ. ಆದರೆ ಆ ಮನೆಯ ಹುಡುಗಿಯ ಮನೆ ಧರ್ಮಪುರದಲ್ಲಿದೆ. ಅದನ್ನು ನೋಡಿಬರಬಹುದು. ಸಂಬಂಧ ಬೆಳೆಸುವ ಮೊದಲು ನಾವು ಹೋಗಿ ಅಂಗಳ ಹೇಗಿದೆ, ಪಾತ್ರೆ ಹೇಗೆ ಬೆಳಗಿದ್ದಾರೆ, ಗೋಡೆಯ ಮೇಲೆ ಯಾವ ದೇವರ ಪಟವಿದೆ ಎಂದು ನೋಡಿಕೊಂಡು ಬರುವುದಿಲ್ಲವೇ, ಹಾಗೆ.

“ಬುಧವಾರ ಹೋಗಾಣ ಅಕ್ಕ. ಫಾರಂ ನನ್ನ ಜೇಬಿನಾಗೆ ಇರ್ಲಿ, ನೋಡ್ಕಂಡ್ ಬಂದ ಮ್ಯಾಲೇನೇ ಸೈನು. ಇಂಥದಕ್ಕೆ ಒಬ್ಬರು ಹೆಂಗಸರು ಜೊತೆಗೆ ಇರಬೇಕು.”

ಹೆಂಗಸರು ಯಾಕಿರಬೇಕು ಎಂಬುದು ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ತಿಳಿಯಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ನಾನು ಆಧಾರ್ ಕಾರ್ಡು ತೋರಿಸಿದೆ. ಅವನು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡು, ದುರ್ಗ ಬರುವವರೆಗೂ ನನ್ನ ಸೊನ್ನೆ ರೂಪಾಯಿ ಟಿಕೆಟನ್ನೇ ನೋಡುತ್ತಿದ್ದ. ದುರ್ಗದಲ್ಲಿ ಬಸ್ಸು ಬದಲಾಯಿಸಿ ಹಿರಿಯೂರಿಗೆ ಬಂದೆವು. ಅಲ್ಲಿಂದ ಧರ್ಮಪುರಕ್ಕೆ ಆಗ ಇದ್ದದ್ದು ಪ್ರೈವೇಟ್ ಬಸ್ಸು. ನನಗೂ ಟಿಕೆಟ್ ಕೊಳ್ಳಬೇಕಾಗುತ್ತದೆ ಎಂದು ಗೊತ್ತಾದಾಗ ಅವನ ಮುಖ ಸಣ್ಣದಾಯಿತು. ಸರ್ಕಾರಿ ಬಸ್ಸು ಯಾವಾಗ ಎಂದು ವಿಚಾರಿಸಲು ಹೋದ.

ಅಷ್ಟರಲ್ಲಿ ತೇಜಸ್ವಿನಿಯ ಫೋನ್ ಬಂತು. ಅಲ್ಲಿ ಇನ್ನೂ ಬೆಳಗಿನ ಜಾವ, ಡ್ಯೂಟಿಗೆ ಹೊರಟಿದ್ದಳು.

“ಅತ್ತೆ, ಎಲ್ಲಿದೀರಿ? ದೊಡ್ಡಪ್ಪ ಪಕ್ಕದಾಗೆ ಇದಾರಾ?”

“ಹಿರಿಯೂರು ಬಸ್ ಸ್ಟ್ಯಾಂಡು. ಅವನು ಬಸ್ಸು ಕೇಳಾಕೆ ಹೋಗಿದಾನೆ. ಹೇಳು.”

“ಅತ್ತೆ, ಈ ಕೋಣೆಗೆ ಏಳು ಜನ ಕೇಳಿದಾರಂತೆ. ಯಾರನ್ನ ಸೇರಿಸ್ಕಬೇಕು ಅಂತ ಮನೇಲಿ ಇರೋರೇ ಆರಿಸ್ತಾರೆ, ಇಲ್ಲಿ ಹಂಗೇನೆ. ಉಳಿದಿಬ್ರು ಪ್ರೀತಿ ಅಕ್ಕನಿಗೇ ಬಿಟ್ಟಿದಾರೆ. ಹೋದ ಸಲ ದೊಡ್ಡ ಮನೆ ಹುಡುಗಿ ಅಂತ ಒಬ್ಬಳನ್ನ ಸೇರಿಸ್ಕಂಡು ಸಾಕಾಗಿತ್ತಂತೆ. ಮೂರು ತಿಂಗಳು ಒಂದು ಲೋಟ ತೊಳೀಲಿಲ್ವಂತೆ. ಬಚ್ಚಲು ತಿಕ್ಕೋ ಸರದಿ ಬಂದ್ರೆ ಅವತ್ತೇ ತಲೆನೋವಂತೆ. ಅದಕ್ಕೇ ಅಕ್ಕ ಅವರಮ್ಮನಿಗೆ ಹೇಳಿದಾರೆ, ‘ಅವರ ಮನೆಯವ್ರೇ ಬರ್ತಿದಾರೆ, ಎಂಥಾ ಜನ ನೋಡಮ್ಮ, ನೀನು ಹೂಂ ಅಂದ್ರೆ ಮಾತ್ರ ಸೇರಿಸ್ಕಂತೀನಿ’ ಅಂತ.”

ನಾನು ಹಿರಿಯೂರು ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಸರಿಯಾಗಿ ಕುಳಿತುಕೊಂಡೆ. ನಾವು ನೋಡಲು ಹೊರಟಿರಲಿಲ್ಲ. ನಮ್ಮನ್ನು ತೋರಿಸಿಕೊಳ್ಳಲು ಹೊರಟಿದ್ದೆವು.

“ಇದು ಸಿಗಲಿಲ್ಲ ಅಂದ್ರೆ ಏನು ಮಾಡ್ತೀಯಮ್ಮ?”

“ಬೇರೆ ಎಲ್ಲೂ ಇಲ್ಲ ಅತ್ತೆ. ಹೋಟೆಲಿಗೆ ದಿನಕ್ಕೆ ನೂರಿಪ್ಪತ್ತು ಯೂರೋ. ಎರಡು ವಾರ ಇದ್ರೆ ನನ್ನ ಸಂಬಳ ಮುಗೀತು.” ಸ್ವಲ್ಪ ತಡೆದು, “ದೊಡ್ಡಪ್ಪಂಗೆ ಹೇಳ್ಬೇಡಿ. ಹೇಳಿದ್ರೆ ಅಲ್ಲಿಂದ್ಲೇ ವಾಪಸ್ ಬಸ್ ಹತ್ತಾರೆ,” ಎಂದಳು.

“ಹೇಳದಿದ್ರೆ?”

“ಅದೂ ಭಯಾನೇ.” ಆಮೇಲೆ, “ಅತ್ತೆ, ತಿಂಡಿ ತಿಂದ್ರಾ?” ಎಂದು ಕೇಳಿದಳು. ಮುಂದಿನ ವಾರ ಎಲ್ಲಿ ಮಲಗಬೇಕೆಂದು ಗೊತ್ತಿಲ್ಲದವಳು ಕೇಳಿದ ಪ್ರಶ್ನೆ ಅದು.

ಧರ್ಮಪುರದ ಆ ಮನೆ ಎರಡು ಅಂಕಣದ್ದು, ಮುಂದೆ ಶೀಟು ಇಳಿಸಿದ್ದರು. ಅಂಗಳ ಗುಡಿಸಿ ನೀರು ಹಾಕಿದ್ದರು. ಒಂದು ಮೂಲೆಯಲ್ಲಿ ಶೇಂಗಾ ಮೂಟೆಗಳು. ಪ್ರೀತಿಯ ತಾಯಿ ಹುಲಿಗೆಮ್ಮ ಬಾಗಿಲಲ್ಲೇ ನಿಂತಿದ್ದರು. ಗಂಡ ಹೊಲಕ್ಕೆ ಹೋಗಿದ್ದರು, ನಮಗಾಗಿ ಆಕೆ ಆ ದಿನದ ಕೂಲಿ ಬಿಟ್ಟಿದ್ದರು.

“ಬರ್ರಿ ಸಾಮಿ, ಬರ್ರಿ ಅಮ್ಮ, ಕುಂತ್ಕಳ್ರಿ. ಬಿಸಿಲಾಗೆ ಬಂದೀರಿ.”

ಎರಡು ಪ್ಲಾಸ್ಟಿಕ್ ಕುರ್ಚಿಗಳ ಬೆನ್ನ ಮೇಲೆ ಬೇರೆ ಯಾರದೋ ಹೆಸರು ಬರೆದಿತ್ತು. ಪಕ್ಕದ ಮನೆಯಿಂದ ತರಿಸಿದ್ದು. ಕುಳಿತ ಕೂಡಲೇ ತಟ್ಟೆ ಬಂತು. ಅದರಲ್ಲಿ ಮುಚ್ಚಳ ತೆಗೆಯದ ಎರಡು ಸೋಡಾ ಬಾಟಲಿ, ಸಿಪ್ಪೆ ಸುಲಿಯದ ಬಾಳೆಹಣ್ಣು, ಬಿಡಿಸದ ಹುರಿದ ಶೇಂಗಾ. ತಟ್ಟೆಯಲ್ಲಿದ್ದ ಪ್ರತಿಯೊಂದಕ್ಕೂ ಒಂದು ಮುಚ್ಚಳವೋ ಸಿಪ್ಪೆಯೋ ಇತ್ತು. ದೇವರು ಮುಚ್ಚಿದ್ದು ಕೆಲವು, ಫ್ಯಾಕ್ಟರಿಯವರು ಮುಚ್ಚಿದ್ದು ಕೆಲವು. ನಾವು ಆಕೆಯ ಮನೆಯಲ್ಲಿ ಏನು ಮುಟ್ಟುತ್ತೇವೆ, ಏನು ಮುಟ್ಟುವುದಿಲ್ಲ ಎಂದು ನಾವು ಹೊರಡುವ ಮೊದಲೇ ಯೋಚಿಸಿ, ನಮಗೆ ಮುಜುಗರವಾಗದ ಹಾಗೆ ಜೋಡಿಸಿದ್ದರು. ನನಗೆ ಕಣ್ಣೆತ್ತಿ ನೋಡಲು ನಾಚಿಕೆಯಾಯಿತು.

ನನ್ನ ತಮ್ಮನಿಗೆ ನಾಚಿಕೆಯಾಗಲಿಲ್ಲ. ಶೇಂಗಾ ಬಿಡಿಸುತ್ತಾ ಗೋಡೆ, ಪಟ, ಪಾತ್ರೆಯ ಗೂಡು ಎಲ್ಲವನ್ನೂ ತಪಾಸಣೆ ಮಾಡಿದ. ಅದೇ ಹೊತ್ತಿಗೆ ಸರಿಯಾಗಿ ಒಂದು ಕೋಳಿ, ತನ್ನನ್ನೇ ನೋಡಲು ಬಂದವರು ಎಂಬಂತೆ, ಹೊಸ್ತಿಲ ಮೇಲೆ ಬಂದು ನಿಂತಿತು. ಪಂಚಾಕ್ಷರಪ್ಪ ನನ್ನ ಕಡೆ ಹುಬ್ಬು ಹಾರಿಸಿದ.

ಹುಲಿಗೆಮ್ಮ ಕೆಳಗೆ ಚಾಪೆಯ ಮೇಲೆ ಕುಳಿತರು. “ನಿಮ್ಮ ಹುಡುಗಿಗೆ ಮನೆ ಕೆಲಸ ಅಭ್ಯಾಸ ಐತಾ ಸಾಮಿ?” ಎಂದು ಕೇಳಿದರು.

ಸಂಬಂಧದ ಮಾತಿನಲ್ಲಿ ಹೆಣ್ಣಿನ ಕಡೆಯವರು ಹೇಳುವ ಹಾಗೆ ಇವನು ಎದೆ ಮುಂದೆ ಮಾಡಿ, “ಛೇ ಛೇ! ನಮ್ಮ ಮನೇಲಿ ಹೆಣ್ಮಕ್ಕಳಿಗೆ ಒಂದು ಲೋಟ ಎತ್ತಿಡಾಕೂ ಬಿಟ್ಟಿಲ್ಲ. ಪಾತ್ರೆಗೆ ಬೇರೆ ಆಳು, ಬಚ್ಚಲಿಗೆ ಬೇರೆ ಆಳು!” ಎಂದ.

ಹುಲಿಗೆಮ್ಮ “ಓ...” ಎಂದರು. ಆ ಓ ಬಹಳ ಉದ್ದವಿತ್ತು.

ಏಳು ಜನರ ಪಟ್ಟಿಯಲ್ಲಿ ನಮ್ಮ ಹುಡುಗಿ ಕೆಳಗೆ ಜಾರುತ್ತಿರುವುದು ನನಗೆ ಕಾಣಿಸಿತು.

“ಇವನ ಮಾತು ಕೇಳಬೇಡಿ,” ಎಂದೆ. “ನಮ್ಮ ಮನೇಲಿ ಯಾವ ಕಾಲಕ್ಕೂ ಆಳಿರಲಿಲ್ಲ. ಅವರಪ್ಪ ಹಾಸಿಗೆ ಹಿಡಿದು ಎಂಟು ತಿಂಗಳು ಮಲಗಿದ್ದ. ಬೆಡ್‌ಪ್ಯಾನ್ ತೊಳೆದು, ಮೈ ಒರೆಸಿ, ಆಮೇಲೆ ಕಾಲೇಜಿಗೆ ಹೋಗ್ತಿದ್ದಿದ್ದು ಆ ಹುಡುಗಿ. ಅದೂ ನರ್ಸಿಂಗ್ ಸೇರೋಕೆ ಮೊದಲೇ.”

“ಅಕ್ಕ, ಅದನ್ನೆಲ್ಲ ಯಾಕೆ ಇಲ್ಲಿ,” ಎಂದು ಪಂಚಾಕ್ಷರಪ್ಪ ಹಲ್ಲು ಕಚ್ಚಿದ.

ಹುಲಿಗೆಮ್ಮ ನನ್ನನ್ನು ಒಂದು ನಿಮಿಷ ನೋಡಿದರು. ಆಮೇಲೆ ಮುಂದಿನ ಪ್ರಶ್ನೆಗೆ ಬಂದರು. “ದುಡ್ಡು ಕಾಸು ಹೆಂಗೆ ಸಾಮಿ? ತಿಂಗಳು ತಿಂಗಳು ಸರಿಯಾಗಿ ಕೊಡ್ತೈತಾ ಹುಡುಗಿ?”

“ಅದರ ಚಿಂತೆ ಬ್ಯಾಡ. ಅವಳ ದುಡ್ಡೆಲ್ಲ ನನ್ನ ಕೈಯಾಗೈತೆ. ನನ್ನ ಸೈನ್ ಇಲ್ದೆ ಒಂದು ಪೈಸಾ ಅಲ್ಲಾಡಲ್ಲ.”

“ಓ...” ಎಂದರು ಮತ್ತೆ.

ಆಮೇಲೆ ಅವನು ಜೇಬಿನಿಂದ ಆಯವ್ಯಯದ ಹಾಳೆ ತೆಗೆದು, ಕನ್ನಡಕ ಹಾಕಿ, ಅಕ್ಕಿಯಿಂದ ಆರಂಭಿಸಿ ಓದತೊಡಗಿದ. ಹುಲಿಗೆಮ್ಮ ನಡುವೆ ಬಾಯಿ ಹಾಕಲಿಲ್ಲ. ಫಿನಾಯಿಲ್ ದಾಟಿ, ಬೇರೆ ಒಲೆ, ಬೇರೆ ಫ್ರಿಜ್ಜು ದಾಟಿ, ಅಡ್ಡಗೋಡೆಗೆ ಬಂದಾಗ ಮಾತ್ರ ಕೇಳಿದರು.

“ಸಾಮಿ, ಆ ಗ್ವಾಡೆ ಹಾಕಿದ್ರೆ ನಲ್ಲಿ ಯಾರ ಕಡೆಗೆ ಬತ್ತೈತೆ?”

ಪಂಚಾಕ್ಷರಪ್ಪ ಹಾಳೆ ನೋಡಿದ. ಹಾಳೆ ತಿರುಗಿಸಿ ಹಿಂದೆ ನೋಡಿದ. ಮೂವತ್ತು ವರ್ಷದಲ್ಲಿ ಆಡಿಟ್‌ನವರು ಯಾರೂ ಇಂಥ ಆಕ್ಷೇಪಣೆ ತೆಗೆದಿರಲಿಲ್ಲ.

“ನಿಮ್ಮ ಕಡೆಗೆ ಬಂದ್ರೆ ನಮ್ಮ ಹುಡುಗಿ ಗಂಟಲು ಒಣಗ್ತೈತೆ,” ಎಂದರು ಹುಲಿಗೆಮ್ಮ, ಬಹಳ ಸಮಾಧಾನವಾಗಿ. “ನಮ್ಮ ಕಡೆಗೆ ಬಂದ್ರೆ ನಿಮ್ಮ ಹುಡುಗಿ ನಮ್ಮನ್ನ ನೀರು ಕೇಳ್ಬೇಕು. ಅದಕ್ಕೆ ಕೇಳ್ದೆ.”

ಅವನು ಸೋಡಾ ಬಾಟಲಿಯ ಮುಚ್ಚಳ ತೆಗೆಯಲು ನೋಡಿದ. ಬರಲಿಲ್ಲ. ಹುಲಿಗೆಮ್ಮ ಎದ್ದು ನನ್ನ ಹತ್ತಿರ ಬಗ್ಗಿ, ಅವನಿಗೆ ಕೇಳಿಸದ ಹಾಗೆ, “ಅಮ್ಮ, ನೀವು ಕಾಫಿ ಕುಡೀತೀರಾ? ಬ್ಯಾಡ ಅಂದ್ರೂ ಏನೂ ಇಲ್ಲ,” ಎಂದರು. ಕುಡಿಯುತ್ತೇನೆ ಎಂದೆ. ಆಕೆಯ ಮುಖ ಅರಳಲಿಲ್ಲ, ಏನೂ ಆಗಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದರು, ಅಷ್ಟೇ.

ಅದೇ ಹೊತ್ತಿಗೆ ಬೈಕು ನಿಂತ ಸದ್ದಾಯಿತು. ಹುಲಿಗೆಮ್ಮನ ಮಗ, ಪ್ರೀತಿಯ ಅಣ್ಣ ಹನುಮಂತರಾಜು ಹತ್ತಿರದ ಊರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಮಧ್ಯಾಹ್ನದ ಬಿಡುವಿನಲ್ಲಿ ಬಂದಿದ್ದ. ಒಳಗೆ ಕಾಲಿಟ್ಟವನು ಹಾಗೇ ನಿಂತ.

“ವಾರ್ಡನ್ ಸಾರ್!”

ಬಂದು ಕಾಲಿಗೆ ನಮಸ್ಕಾರ ಮಾಡಿದ. ನನ್ನ ತಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದ.

“ನಾನು ಸಾರ್, ಹನುಮಂತರಾಜು. ರೂಂ ನಂಬರ್ ಹದಿನಾಕು. ಮೂರು ವರ್ಷ ನಿಮ್ಮ ಸಾರು ಉಂಡೋನು. ಅಮ್ಮ, ನಾನು ಹೇಳ್ತಿದ್ದೆನಲ್ಲ, ಇವರೇ!” ತಿರುಗಿ, “ಕಾಫಿ ಕುಡಿದ್ರಾ ಸಾರ್?”

“ಇಲ್ಲಪ್ಪ, ಇವತ್ತು ಸೋಮವಾರ. ಉಪವಾಸ.”

“ಬುಧವಾರ ಸಾರ್ ಇವತ್ತು.”

ಕೋಳಿ ನನ್ನ ತಮ್ಮನ ಕಾಲ ಬಳಿ ಬಿದ್ದಿದ್ದ ಶೇಂಗಾ ಸಿಪ್ಪೆಯನ್ನು ಕೆದಕುತ್ತಿತ್ತು. ಉಪವಾಸದವನ ಕಾಲ ಬಳಿ ಸಿಪ್ಪೆಯ ರಾಶಿಯೇ ಇತ್ತು.

ಹನುಮಂತರಾಜು ಚಾಪೆಯ ಮೇಲೆ ಕುಳಿತ. ತಟ್ಟೆ ನೋಡಿದ, ಸೋಡಾ ನೋಡಿದ, ಹಾಳೆ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಆದರೆ ನಗುತ್ತಲೇ ಮಾತಾಡಿದ.

“ಸಾರ್, ನಾನು ಸೇರಿದ ದಿನ ನಿಮಗೆ ನೆನಪೈತಾ? ಮಧ್ಯಾಹ್ನ ಊಟದ ಹಾಲ್ ಬಾಗಿಲಾಗೆ ತಟ್ಟೆ ಹಿಡ್ಕಂಡು ನಿಂತಿದ್ದೆ. ಒಳಗೆ ಹೋಗಾಕೆ ಕಾಲು ಬರಲಿಲ್ಲ. ಊರಾಗೆ ನಾವು ಎಲ್ಲರ ಜೊತೆ ಸಾಲಿನಾಗೆ ಕುಂತು ಉಂಡೋರಲ್ಲ. ನೀವು ಬಂದು ತೋಳು ಹಿಡ್ಕಂಡು ಹೋಗಿ ನಿಮ್ಮ ಪಕ್ಕಕ್ಕೇ ಕುಂಡ್ರಿಸ್ಕಂಡ್ರಿ. ‘ಯಾಕಲೇ ಹೆದರ್ತೀಯ? ಇಲ್ಲಿ ಸಾರು ಎಲ್ಲರಿಗೂ ಒಂದೇ ನೀರು’ ಅಂದ್ರಿ.”

ಪಂಚಾಕ್ಷರಪ್ಪನಿಗೆ ನೆನಪಿರಲಿಲ್ಲ. ಅದು ಅವನ ಮುಖದಲ್ಲೇ ಕಾಣುತ್ತಿತ್ತು. ತಾನು ಮಾಡಿದ ಒಳ್ಳೆಯ ಕೆಲಸವೊಂದನ್ನು ಅವನು ನೆನಪಿಟ್ಟುಕೊಂಡಿರಲಿಲ್ಲ ಎಂಬುದು ನನಗೆ ಅಂದು ಸಿಕ್ಕಿದ ದೊಡ್ಡ ಸುದ್ದಿ. ಮಾಡಿದ ಸಣ್ಣಪುಟ್ಟದ್ದನ್ನೆಲ್ಲ ಅವನು ವರದಿ ಬರೆದು ಇಟ್ಟುಕೊಳ್ಳುವವನು.

“ಅವತ್ತು ನನ್ನ ಪಕ್ಕ ಕುಂತು ಉಂಡೋರು ಇವತ್ತು ನಮ್ಮನೇಲಿ ಒಂದು ಗುಟುಕು ಕಾಫಿ ಬ್ಯಾಡ ಅಂತೀರಲ್ಲ ಸಾರ್,” ಎಂದ ಹನುಮಂತರಾಜು. “ಸಂಬಳ ಇದ್ದಾಗ ಒಂದು, ಪಿಂಚಣಿ ಬಂದ ಮ್ಯಾಲೆ ಒಂದಾ?”

ಹುಲಿಗೆಮ್ಮ ನನಗೆ ಕಾಫಿ ತಂದು ಕೊಟ್ಟರು. ಮಗನಿಗೆ, “ಲೇ, ದೊಡ್ಡೋರನ್ನ ಹಂಗೆಲ್ಲ ಕೇಳ್ಬಾರ್ದು,” ಎಂದರು. ಆದರೆ ಇನ್ನೊಂದು ಲೋಟವೂ ಕೈಯಲ್ಲಿತ್ತು. ಅದನ್ನು ನನ್ನ ತಮ್ಮನಿಗೆ ಚಾಚಲಿಲ್ಲ. ಸುಮ್ಮನೆ ಹಿಡಿದುಕೊಂಡು ನಿಂತರು.

“ಅರ್ಧ ಲೋಟ ಸಾಕು,” ಎಂದ ಪಂಚಾಕ್ಷರಪ್ಪ, ಮಂಜೂರಾತಿ ಕೊಡುವವನ ಹಾಗೆ.

ಲೋಟ ತುಂಬಿತ್ತು. ಅವನು ಅದನ್ನು ತೆಗೆದುಕೊಂಡು, ಪೂರ್ತಿ ಕುಡಿದು, “ಸಕ್ಕರೆ ಒಂಚೂರು ಜಾಸ್ತಿ,” ಎಂದ. ಖಾಲಿ ಲೋಟ ಹಿಡಿದು ಎಲ್ಲಿಡುವುದು ಎಂದು ಸುತ್ತ ನೋಡಿದ. ನಾನು ಎದ್ದು ಎರಡೂ ಲೋಟವನ್ನು ಅಂಗಳದ ನಲ್ಲಿಯಲ್ಲಿ ತೊಳೆದಿಟ್ಟೆ. ಹುಲಿಗೆಮ್ಮ ಬೇಡ ಎನ್ನಲಿಲ್ಲ. ನೋಡುತ್ತಿದ್ದರು.

ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು ಫೋನ್ ತೆಗೆದು, ನಮ್ಮ ಎದುರಿಗೇ ಮಗಳಿಗೆ ಮಾತಾಡಿದರು.

“ಪ್ರೀತಿ, ಬಂದವ್ರೆ. ಹೂಂ. ಹುಡುಗಿನ ಸೇರಿಸ್ಕ. ಅಪ್ಪಂಗೆ ಎಂಟು ತಿಂಗಳು ಸೇವೆ ಮಾಡೈತಂತೆ, ಬಚ್ಚಲು ತೊಳಿಯಲ್ಲ ಅನ್ನಲ್ಲ ಬಿಡು. ಅವರತ್ತೆ ಲೋಟ ತೊಳ್ದು ಮಗುಚಿಟ್ರು... ದೊಡ್ಡಪ್ಪನಾ? ಒಳ್ಳೇರೇ, ನಿಮ್ಮಣ್ಣಂಗೆ ಅನ್ನ ಹಾಕಿದೋರು. ಅವರೇನು ಅಲ್ಲಿಗೆ ಬರಾಕಿಲ್ವಲ್ಲ... ಆಂ? ನಿನ್ನ ನಂಬರಾ? ನಂಬರ್ ಮಾತ್ರ ಕೊಡಲ್ಲ ಬಿಡು.”

ಫೋನ್ ಇಟ್ಟು ನಮ್ಮ ಕಡೆ ತಿರುಗಿದರು. “ಬಾಡಿಗೆ, ಮುಂಗಡ ಎರಡಕ್ಕೂ ನೀವು ಗಾಬ್ರಿ ಬೀಳ್ಬ್ಯಾಡ್ರಿ. ಈಗ ನಮ್ಮುಡುಗಿನೇ ಕಟ್ತಾಳಂತೆ. ಸಂಬಳ ಬಂದ ಮ್ಯಾಲೆ ಕೊಟ್ರಾತು.”

ಪಂಚಾಕ್ಷರಪ್ಪನ ಕೈ ಜೇಬಿಗೆ ಹೋಯಿತು. ಫಾರಂ ಅಲ್ಲಿಯೇ ಇತ್ತು. ಅದರಲ್ಲಿ ಸೈನ್ ಹಾಕಬೇಕಾದ ಜಾಗವೂ ಖಾಲಿಯಾಗಿಯೇ ಇತ್ತು. ಅದರಿಂದ ಯಾರಿಗೂ ಏನೂ ಆಗಬೇಕಾಗಿರಲಿಲ್ಲ, ಅಷ್ಟೇ.

ಹೊರಡುವಾಗ ಹುಲಿಗೆಮ್ಮ ನನ್ನ ಚೀಲಕ್ಕೆ ಎರಡು ಸೇರು ಶೇಂಗಾ ಸುರಿದರು. ಹನುಮಂತರಾಜು ಬಸ್ಸು ಬರುವವರೆಗೂ ನಿಂತು, ಸಾರ್‌ಗೆ ಕಿಟಕಿ ಪಕ್ಕ ಸೀಟು ಹಿಡಿದು, ಇಬ್ಬರ ಟಿಕೆಟನ್ನೂ ತಾನೇ ತೆಗೆಸಿಕೊಟ್ಟ.

ಬಸ್ಸು ಅರ್ಧ ದಾರಿಗೆ ಬಂದಾಗ ನನ್ನ ತಮ್ಮ ಬಾಯಿ ಬಿಟ್ಟ.

“ಅಕ್ಕ, ಆಯಮ್ಮ ಫೋನಿನಾಗೆ ‘ಸೇರಿಸ್ಕ’ ಅಂದ್ಲಲ್ಲ. ಅಂದ್ರೆ, ನಾವು ಅವರನ್ನ ನೋಡಾಕೆ ಹೋಗಿದ್ದಾ, ಅವ್ರು ನಮ್ಮನ್ನ...?”

“ಏಳು ಜನ ಇದ್ರಂತೆ ಕಣೋ. ಪಾಸಾದ್ವಿ,” ಎಂದೆ.

ಹಿರಿಯೂರಿನವರೆಗೆ ಅವನು ಕಿಟಕಿಯಾಚೆಯ ಹೊಲಗಳನ್ನೇ ನೋಡುತ್ತಿದ್ದ.

ಹೊಳಲ್ಕೆರೆಗೆ ಬರುವಷ್ಟರಲ್ಲಿ ಚೇತರಿಸಿಕೊಂಡಿದ್ದ. ಕಾಯುತ್ತಾ ಕುಳಿತಿದ್ದ ಭಾಗ್ಯನ ಮುಂದೆ ಕುರ್ಚಿ ಎಳೆದುಕೊಂಡು, “ನೋಡ್ಕಂಡ್ ಬಂದೆ. ಒಳ್ಳೇ ಜನ. ಹುಡುಗ ನನ್ನ ಹಾಸ್ಟೆಲ್ಲಿನ ಪ್ರಾಡಕ್ಟು. ನಾನು ಒಪ್ಪಿದೀನಿ,” ಎಂದ. ಪೆನ್ನಿನ ಮುಚ್ಚಳ ತೆಗೆದ.

ಭಾಗ್ಯನಿಗೆ ಮಗಳು ಆಗಲೇ ಎಲ್ಲ ಹೇಳಿದ್ದಳು. ನಾನೂ ದುರ್ಗದಲ್ಲಿ ಬಸ್ಸು ಬದಲಾಯಿಸುವಾಗ ಅವಳಿಗೆ ಫೋನ್ ಮಾಡಿ, ಸೊಸೈಟಿಯಿಂದ ಇನ್ನೊಂದು ಫಾರಂ ತಂದಿಟ್ಟುಕೋ ಎಂದಿದ್ದೆ.

“ಆ ಫಾರಂ ಬೇಡ ಭಾವ,” ಎಂದಳು. “ಇದಕ್ಕೆ ಹಾಕಿ.”

ಅವನು ಓದಿದ. ಠೇವಣಿಯನ್ನು ತೇಜಸ್ವಿನಿಯ ಹೆಸರಿಗೇ ಮಾಡುವ ಫಾರಂ ಅದು. ಅದರಲ್ಲಿ ಅವನ ಹೆಸರು ತೆಗೆಯಲು ಒಂದು ಸಾಲಿತ್ತು. ಪೆನ್ನಿಗೆ ಮುಚ್ಚಳ ಬಿತ್ತು.

“ಇದು ಯಾಕಮ್ಮ? ಒಂದು ಗಂಡಸಿನ ಸೈನ್ ಅಂತ...”

“ಪಂಚಾಕ್ಷರಿ,” ಎಂದೆ ನಾನು. “ಕಲ್ಲೇಶಂಗೆ ಫೋನ್ ಮಾಡ್ಲಾ? ಗೋಡೆ ಹಾಕಿದ್ರೆ ನಲ್ಲಿ ಯಾರ ಕಡೆಗೆ ಬರ್ತೈತೆ ಅಂತ ಅವನಿಗೇನಾರ ಗೊತ್ತಿರಬೋದು.”

ಅವನು ನನ್ನನ್ನು ನೋಡಿದ. ಭಾಗ್ಯ ಎಲ್ಲೋ ನೋಡಿದಳು. ಅವಳು ಒಳ್ಳೆಯವಳು, ನಗುವುದನ್ನು ಅವನಿಗೆ ತೋರಿಸಲಿಲ್ಲ. ಪೆನ್ನಿನ ಮುಚ್ಚಳ ಮತ್ತೆ ಕಳಚಿತು. ಸೈನ್ ಬಿತ್ತು, ಕೆಳಗೆ ದಿನಾಂಕ ಬಿತ್ತು, ಯಾರೂ ಕೇಳದಿದ್ದರೂ ‘ನಿವೃತ್ತ ವಾರ್ಡನ್’ ಎಂದೂ ಬಿತ್ತು.

“ನಾನೇ ಹೇಳ್ಬೇಕು ಅಂತಿದ್ದೆ,” ಎಂದ.

“ದೊಡ್ಡ ಉಪಕಾರ ಆತು ಭಾವ,” ಎಂದಳು ಭಾಗ್ಯ.

ಮುಂದಿನ ಭಾನುವಾರ ತೇಜಸ್ವಿನಿ ಹೊಸ ಮನೆಯಿಂದ ವಿಡಿಯೋ ಕಾಲ್ ಮಾಡಿದಳು, ಭಾಗ್ಯನ ಫೋನಿಗೆ. ಕೋಣೆ ತೋರಿಸಿದಳು, ಕಿಟಕಿ ತೋರಿಸಿದಳು, ಆಮೇಲೆ ಅಡಿಗೆಮನೆ. ಒಲೆಯ ಪಕ್ಕದ ಮೊಳೆಗೆ ಒಂದು ಹೊಸ ಬಾಣಲೆ ನೇತುಹಾಕಿತ್ತು, ಹಿಡಿಕೆಗೆ ನೀಲಿ ದಾರ ಕಟ್ಟಿತ್ತು. ಅದು ಇವಳಿಗೆ ಮಾತ್ರ. ಅವಳು ಬರುವ ಹಿಂದಿನ ದಿನವೇ ಪ್ರೀತಿ ತಂದು, ಉಳಿದಿಬ್ಬರಿಗೂ ಹೇಳಿಟ್ಟಿದ್ದಳಂತೆ. ಯಾರೂ ಕೇಳಿರಲಿಲ್ಲ.

“ನೋಡ್ದ್ಯಾ?” ಎಂದ ನನ್ನ ತಮ್ಮ. “ಬೇರೆ ಪಾತ್ರೆ! ನಾನು ಬರೆದಿದ್ದೆ.”

ಫ್ರಿಜ್ಜಿನ ಬಾಗಿಲ ಮೇಲೆ ಅವರ ಬಜೆಟ್ ಅಂಟಿಸಿತ್ತು. ಬಾಡಿಗೆ, ಕರೆಂಟು, ಹಾಲು, ಇತರೆ. ನಾಲ್ಕೇ ಸಾಲು. ಅದರ ಕೆಳಗೆ ಬಚ್ಚಲು ತೊಳೆಯುವ ಸರದಿ. ಮೊದಲ ಹೆಸರು ತೇಜಸ್ವಿನಿಯದು. ಪಂಚಾಕ್ಷರಪ್ಪ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಸಾಲು ಸಾಲಾಗಿ ಓದಿದ. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ.

“ಫಿನಾಯಿಲ್ ಎಲ್ಲಮ್ಮ?”

ತೇಜಸ್ವಿನಿಯ ಬೆನ್ನ ಹಿಂದಿನಿಂದ, ಪರದೆಯ ಮೇಲೆ ಕಾಣದ ಯಾರೋ ಪಾತ್ರೆ ತೊಳೆಯುತ್ತಾ ಕೂಗಿದರು.

“ಸಾದಿಲ್ವಾರಿನಾಗೆ ಐತೆ ಸಾರ್! ನಮ್ಮಣ್ಣ ಹೇಳ್ಕೊಟ್ಟ!”

ಅವನು ಆ ದಿನವೆಲ್ಲ ಬಹಳ ಸಂತೋಷದಲ್ಲಿದ್ದ.